ಒಂದೇ ಬಿಬಿಎ, ಎರಡು ಬೇರೆ ಓದು

ಬಿಬಿಎ, ಅಂದರೆ ಬಿಸಿನೆಸ್ ವಿಷಯದ ಸ್ನಾತಕ ಪದವಿಯ ಬಗ್ಗೆ ಹಳೆಯ ಮಾತೊಂದಿದೆ. ಏನು ಓದಬೇಕು ಅಂತ ಗೊತ್ತಾಗದವರು ಕೊನೆಗೆ ಹೋಗಿ ಸೇರುವ ಕೋರ್ಸು ಅದು ಅಂತ. ಮಾತು ಒರಟು, ಆದರೆ ಪೂರ್ತಿ ಸುಳ್ಳಲ್ಲ. ಎಂಜಿನಿಯರಿಂಗ್‌ನಷ್ಟು ಗಣಿತ ಬೇಡ. ವೈದ್ಯಕೀಯದಂತೆ ವರ್ಷಗಟ್ಟಲೆ ಕಾಯಬೇಕಿಲ್ಲ. ಸಾಹಿತ್ಯ, ಇತಿಹಾಸ ಓದುವವರಿಗೆ ಎದುರಾಗುವ ‘ಮುಂದೇನು ಮಾಡ್ತೀಯ’ ಎಂಬ ಪ್ರಶ್ನೆಯೂ ಇಲ್ಲ. ಹಾಗಾಗಿ ಎಲ್ಲ ಕಡೆ ಇದಕ್ಕೆ ಜನ ಜಾಸ್ತಿ. ಅಮೆರಿಕದಲ್ಲಿ 2021-22ರಲ್ಲಿ ಕೊಟ್ಟ ಸುಮಾರು 20 ಲಕ್ಷ ಸ್ನಾತಕ ಪದವಿಗಳಲ್ಲಿ 3.75 ಲಕ್ಷ ಬಿಸಿನೆಸ್ ವಿಷಯದವು. ಐದರಲ್ಲಿ ಒಂದು ಅಂದರೂ ನಡೆಯುತ್ತದೆ. ಎರಡನೇ ಸ್ಥಾನದಲ್ಲಿರುವ ಆರೋಗ್ಯ ಕ್ಷೇತ್ರ ಸಾಕಷ್ಟು ಹಿಂದಿದೆ.

ಇಷ್ಟು ಜನ ಓದುವ ಪದವಿಗೆ ಈಗ ಹೊಸ ಪ್ರಶ್ನೆ ಎದುರಾಗಿದೆ. ವರದಿ ಬರೆಯುವುದು, ಸ್ಲೈಡ್ ಮಾಡುವುದು, ಮಾರುಕಟ್ಟೆ ಬಗ್ಗೆ ನಾಲ್ಕು ಪುಟ ಸಿದ್ಧಪಡಿಸುವುದು, ಇದನ್ನೆಲ್ಲ ಚಾಟ್‌ಜಿಪಿಟಿಯಂಥ ಎಐ ಅರೆ ನಿಮಿಷದಲ್ಲಿ ಮಾಡುತ್ತದೆ. ಹಾಗಾದರೆ ಬಿಬಿಎ ಓದಿ ಏನು ಉಪಯೋಗ?

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ಯಾಕೆಂದರೆ ಬಿಬಿಎ ಒಂದೇ ಓದಲ್ಲ. ಒಂದೇ ಹೆಸರಿನ ಕೆಳಗೆ ಎರಡು ಓದು ಸೇರಿಕೊಂಡಿವೆ. ಒಂದರಲ್ಲಿ ಅಕೌಂಟಿಂಗ್, ಫೈನಾನ್ಸ್, ಅಂಕಿಅಂಶ ಶಾಸ್ತ್ರ, ಆಪರೇಷನ್ಸ್ (ಉತ್ಪಾದನೆ, ಸೇವೆಗಳನ್ನು ನಡೆಸುವ ಬಗೆ), ವ್ಯವಹಾರ ಕಾನೂನು ಇವೆ. ಇನ್ನೊಂದರಲ್ಲಿ ನಾಯಕತ್ವ, ನಿರ್ವಹಣೆಯ ತತ್ವಗಳು, ಸಂವಹನ, ಬ್ರ್ಯಾಂಡಿಂಗ್ ಇತ್ಯಾದಿ. ಪದವಿ ಪ್ರಮಾಣಪತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೆಲಸದ ಮಾರುಕಟ್ಟೆಯಲ್ಲಿ ಮಾತ್ರ ಹಾಗೆ ಕಾಣುವುದಿಲ್ಲ.

2024ರಲ್ಲಿ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಮತ್ತು ಸ್ಟ್ರಾಡಾ ಎಂಬ ಸಂಸ್ಥೆಗಳು ಸೇರಿ ಅಮೆರಿಕದ ಪದವೀಧರರ ಬಗ್ಗೆ ವರದಿಯೊಂದನ್ನು ತಂದವು. ಪದವಿ ಅಗತ್ಯವೇ ಇಲ್ಲದ ಕೆಲಸದಲ್ಲಿ ಎಷ್ಟು ಪದವೀಧರರಿದ್ದಾರೆ ಎಂದು ಅದು ಲೆಕ್ಕ ಹಾಕಿತ್ತು. ಅಕೌಂಟಿಂಗ್, ಫೈನಾನ್ಸ್‌ನಂಥ ಗಣಿತ ಜಾಸ್ತಿ ಇರುವ ಬಿಸಿನೆಸ್ ವಿಷಯ ಓದಿದವರಲ್ಲಿ ಹೀಗೆ ಸಿಕ್ಕಿಕೊಂಡವರು ಶೇ 29. ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ಎಚ್‌ಆರ್ (ಮಾನವ ಸಂಪನ್ಮೂಲ) ಓದಿದವರಲ್ಲಿ ಶೇ 57. ಹತ್ತಿರಹತ್ತಿರ ಎರಡು ಪಟ್ಟು! ಒಂದೇ ಕಟ್ಟಡ, ಅಕ್ಕಪಕ್ಕದ ತರಗತಿ, ಅಷ್ಟೇ ಶುಲ್ಕ.

ಇದನ್ನು ಓದಿ ಎಲ್ಲರೂ ಅಕೌಂಟಿಂಗ್‌ಗೆ ಓಡಬೇಕಿಲ್ಲ. ಲೆಕ್ಕದಲ್ಲಿ ಮೊದಲೇ ಗಟ್ಟಿ ಇರುವವರೇ ಫೈನಾನ್ಸ್ ಆರಿಸಿಕೊಳ್ಳುತ್ತಾರೆ, ಅವರು ಬೇರೇನು ಓದಿದ್ದರೂ ಚೆನ್ನಾಗೇ ಇರುತ್ತಿದ್ದರೇನೋ. ಅಂಕಿ ಪೂರ್ತಿ ವಿಷಯದ ಮಹಿಮೆಯಲ್ಲ. ಆದರೂ ಅಂತರ ಇಷ್ಟು ದೊಡ್ಡದಿರುವಾಗ ಅದನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ.

ಲೆಕ್ಕ ಏನು ಕಲಿಸುತ್ತದೆ

ಒಂದು ವಸ್ತುವನ್ನು 100ಕ್ಕೆ ಮಾರುತ್ತೀರಿ ಎಂದುಕೊಳ್ಳಿ. ಅದನ್ನು ತಯಾರಿಸಲು 60 ಖರ್ಚು. ಪ್ರತಿ ಮಾರಾಟದಲ್ಲಿ 40 ಉಳಿಯುತ್ತದೆ. ಬಾಡಿಗೆ, ಸಂಬಳದಂಥ ಸ್ಥಿರ ಖರ್ಚು ಎಲ್ಲ ಸೇರಿ 2 ಲಕ್ಷ. ಹಾಗಾದರೆ 5,000 ವಸ್ತು ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಮಾರಾಟ ವಿಭಾಗದವರು ‘ಬರೀ ಶೇ 10 ರಿಯಾಯಿತಿ ಕೊಡೋಣ, ಜನ ಮುಗಿಬೀಳ್ತಾರೆ’ ಅನ್ನುತ್ತಾರೆ. ಬೆಲೆ 90 ಆಯಿತು. ಉಳಿಯುವುದು 30. ಅದೇ 2 ಲಕ್ಷ ತೂಗಿಸಲು ಈಗ 6,667 ಮಾರಬೇಕು. ಬೆಲೆ ಇಳಿದದ್ದು ಹತ್ತರಲ್ಲಿ ಒಂದು ಪಾಲು. ಮಾರಾಟ ಏರಬೇಕಾದದ್ದು ಮೂರರಲ್ಲಿ ಒಂದು ಪಾಲು. ಅಷ್ಟು ಜನ ಮುಗಿಬೀಳ್ತಾರಾ? ಇದು ಪ್ರೌಢಶಾಲೆಯ ಗಣಿತ, ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಆದರೆ ರಿಯಾಯಿತಿಯ ಮಾತು ಬಂದ ತಕ್ಷಣ ಈ ಲೆಕ್ಕ ತಲೆಗೆ ಬರುವುದು ಅಭ್ಯಾಸದಿಂದ ಮಾತ್ರ.

ನಗದಿನ ವಿಚಾರ ಇನ್ನೂ ಸ್ವಾರಸ್ಯದ್ದು. ಗ್ರಾಹಕರು 90 ದಿನಕ್ಕೆ ಹಣ ಕೊಡುತ್ತಾರೆ, ಕಚ್ಚಾ ಮಾಲು ಕೊಟ್ಟವರು 30 ದಿನಕ್ಕೆ ಕೇಳುತ್ತಾರೆ. ನಡುವಿನ 60 ದಿನ ಕಂಪನಿ ತನ್ನ ಕೈಯಿಂದ ಹಾಕಬೇಕು. ಆರ್ಡರ್ ಜಾಸ್ತಿಯಾದಷ್ಟೂ ಕೈಯಿಂದ ಹಾಕುವ ಹಣವೂ ಜಾಸ್ತಿ. ಲಾಭ ನಷ್ಟದ ಪಟ್ಟಿಯಲ್ಲಿ ಲಾಭ ಏರುತ್ತಿರುತ್ತದೆ, ಬ್ಯಾಂಕಿನಲ್ಲಿ ತಿಂಗಳ ಸಂಬಳಕ್ಕೆ ದುಡ್ಡಿರುವುದಿಲ್ಲ. ಲಾಭದಲ್ಲಿರುವ ಕಂಪನಿ ಬಾಗಿಲು ಹಾಕುವುದು ಹೀಗೆ. ಇದನ್ನು ಒಮ್ಮೆ ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲಗಳ ಪಟ್ಟಿ) ಇಟ್ಟುಕೊಂಡು ತಾನೇ ಲೆಕ್ಕ ಹಾಕಿ ನೋಡಿದ ವಿದ್ಯಾರ್ಥಿ ಮುಂದೆಂದೂ ‘ವ್ಯಾಪಾರ ಬೆಳೀತಿದೆ’ ಎಂಬ ಮಾತನ್ನು ಹಾಗೇ ನುಂಗುವುದಿಲ್ಲ.

ಆಪರೇಷನ್ಸ್ ತರಗತಿಯಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ಪ್ರಾಧ್ಯಾಪಕ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸೂತ್ರ ಬರುತ್ತದೆ. ಗಂಟೆಗೆ 12 ಜನ ಬರುವ ಕಚೇರಿಯಲ್ಲಿ ಒಬ್ಬೊಬ್ಬರು ಸರಾಸರಿ 20 ನಿಮಿಷ ಇದ್ದರೆ, ಯಾವಾಗ ನೋಡಿದರೂ ಸರಾಸರಿ 4 ಜನ ಒಳಗಿರುತ್ತಾರೆ. ಜನ ಗುಂಪಾಗಿ ಬರಲಿ, ಒಬ್ಬೊಬ್ಬರಾಗಿ ಬರಲಿ, ದೀರ್ಘಾವಧಿಯಲ್ಲಿ ಲೆಕ್ಕ ಅದೇ. ಆಸ್ಪತ್ರೆ, ಗೋದಾಮು, ಕಾಲ್ ಸೆಂಟರ್, ಎಲ್ಲಿಗೂ ಹೊಂದುತ್ತದೆ. ಹೀಗೆ ಎಲ್ಲ ಕಡೆ ನಡೆಯುವ, ಯಾರು ಹೇಳಿದರೂ ಬದಲಾಗದ ಸಂಗತಿಗಳು ಈ ಪದವಿಯಲ್ಲಿ ಇವೆ. ಜಮೆ ಖರ್ಚನ್ನು ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ಐನೂರು ವರ್ಷ ದಾಟಿದರೂ ಮೊದಲ ಸೆಮಿಸ್ಟರ್‌ನಲ್ಲಿ ಕಲಿಸುವುದು ಅದನ್ನೇ.

ಇನ್ನೊಂದು ಅರ್ಧದ ಕಥೆ

ಹಾಗಂತ ಜನರ ಬಗ್ಗೆ ಓದುವುದು ದಂಡ ಎಂದು ನಾನು ಹೇಳುತ್ತಿಲ್ಲ. ಜನರನ್ನು ಅರ್ಥ ಮಾಡಿಕೊಳ್ಳುವುದೇ ವ್ಯವಹಾರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ತೊಂದರೆ ಇರುವುದು ಅದನ್ನು ಕಲಿಸುವ ರೀತಿಯಲ್ಲಿ. ಕಷ್ಟದ ವಿಷಯವನ್ನು ಸುಲಭದ ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೊಟ್ಟುಬಿಡುತ್ತಾರೆ.

ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಮ್ಯಾಸ್ಲೋನ ಪಿರಮಿಡ್ ನೋಡಿ. ಹಸಿವು, ಭದ್ರತೆ, ಸ್ನೇಹ, ಗೌರವ, ಕೊನೆಗೆ ತುದಿಯಲ್ಲಿ ಆತ್ಮಸಾಕ್ಷಾತ್ಕಾರದಂಥದ್ದು. ಬಿಬಿಎ ಓದಿದವರಲ್ಲಿ ಈ ಚಿತ್ರ ಬರೆಯದವರು ಸಿಗುವುದು ಕಷ್ಟ. ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅದು ಎಲ್ಲಿಂದ ಬಂತು ಎಂದು ಹುಡುಕಿದ ಸಂಶೋಧಕರು 2019ರಲ್ಲಿ ಕಂಡುಕೊಂಡದ್ದೇನೆಂದರೆ, 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರ ಮ್ಯಾನೇಜರುಗಳಿಗಾಗಿ ಬರೆದ ಲೇಖನದಲ್ಲಿ ಆ ಆಕಾರ ಕೊಟ್ಟಿದ್ದ. ಕೆಳಗಿನ ಮೆಟ್ಟಿಲು ಪೂರ್ತಿ ಮುಗಿಯದೆ ಮೇಲಿನದಕ್ಕೆ ಹೋಗುವುದಿಲ್ಲ ಎಂದು ಮ್ಯಾಸ್ಲೋ ಕಟ್ಟುನಿಟ್ಟಾಗಿ ಹೇಳಿರಲೂ ಇಲ್ಲ. ಆದರೆ ಚಿತ್ರ ಚೆನ್ನಾಗಿದೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಸರಿಯಾಗಿ ಕೂರುತ್ತದೆ, ಹಾಗಾಗಿ ಉಳಿದುಕೊಂಡಿದೆ.

ಹಾಥಾರ್ನ್ ಪ್ರಯೋಗದ್ದೂ ಅದೇ ಪಾಡು. ಶಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ ಬೆಳಕು ಹೆಚ್ಚು ಕಡಿಮೆ ಮಾಡಿ ನೋಡಿದರಂತೆ, ಏನು ಮಾಡಿದರೂ ಉತ್ಪಾದನೆ ಏರಿತಂತೆ, ಕಾರಣ ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆಯಂತೆ. 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಕಳೆದುಹೋಗಿದೆ ಎಂದುಕೊಂಡಿದ್ದ ಆ ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಹುಡುಕಿ ಮತ್ತೆ ಲೆಕ್ಕ ಹಾಕಿದರು. ಪಠ್ಯದಲ್ಲಿ ಹೇಳುವಂಥ ನಾಟಕೀಯ ಪರಿಣಾಮ ಅದರಲ್ಲಿ ಕಾಣಲಿಲ್ಲ. ನೋಡಿ, ಈ ಕಥೆಯ ಹುಳುಕು ಹೊರಬಂದದ್ದೂ ಅಂಕಿಅಂಶ ಗೊತ್ತಿದ್ದವರಿಂದಲೇ. ಜನರ ಬಗ್ಗೆ ಓದುವವರಿಗೆ ಲೆಕ್ಕ ಬೇಡ ಎಂಬ ನಂಬಿಕೆಯೇ ತಪ್ಪು.

ಗುಂಪು ಪ್ರಾಜೆಕ್ಟ್ ಬಗ್ಗೆ ಎರಡು ಮಾತು. ‘ತಂಡದಲ್ಲಿ ದುಡಿಯುವುದನ್ನು ಕಲಿಸುತ್ತದೆ’ ಎಂದು ಎಲ್ಲ ಕಾಲೇಜುಗಳೂ ಹೇಳುತ್ತವೆ. ಐದು ಜನರ ತಂಡದಲ್ಲಿ ಇಬ್ಬರು ದುಡಿದು ಐವರೂ ಅಂಕ ಪಡೆಯುವುದು ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಎಂಜಿನಿಯರ್ ಹಗ್ಗ ಎಳೆಸಿ ಅಳೆದು, ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ ಎಂದು 1913ರಲ್ಲೇ ಬರೆದಿದ್ದ. ಇದನ್ನು ಪಾಠದಲ್ಲಿ ಕಲಿಸಿ, ಅದೇ ವಾರ ಐದು ಜನರ ಪ್ರಾಜೆಕ್ಟ್ ಕೊಡುತ್ತಾರೆ. ತಮಾಷೆ ಅಲ್ವಾ?

ಈ ಜಗಳ ಹೊಸದಲ್ಲ

ವಿಶ್ವವಿದ್ಯಾಲಯದೊಳಗೆ ಬಿಸಿನೆಸ್ ಕಲಿಸುವ ಮೊದಲ ಶಾಲೆ ಎಂದು ಹೆಸರಾದ ವಾರ್ಟನ್ 1881ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಹಣ ಕೊಟ್ಟವನು ಜೋಸೆಫ್ ವಾರ್ಟನ್, ನಿಕಲ್ ಮತ್ತು ಉಕ್ಕಿನ ಉದ್ಯಮಿ. ಶುರುವಾದದ್ದು ಸ್ನಾತಕ ಪದವಿಯಾಗಿ. ಹಾರ್ವರ್ಡ್ ತನ್ನ ಎಂಬಿಎ ತೆರೆದದ್ದು 1908ರಲ್ಲಿ. ಅಂದರೆ ಈಗ ತಮ್ಮನಂತೆ ಕಾಣುವ ಬಿಬಿಎ ನಿಜವಾಗಿ ಅಣ್ಣ.

ನಂತರ ಕೋರ್ಸುಗಳು ಬೇಕಾಬಿಟ್ಟಿ ಬೆಳೆದವು. 1959ರಲ್ಲಿ ಫೋರ್ಡ್ ಫೌಂಡೇಶನ್ ಒಂದು, ಕಾರ್ನೆಗಿ ಕಾರ್ಪೊರೇಷನ್ ಒಂದು, ಹೀಗೆ ಎರಡು ದೊಡ್ಡ ವರದಿಗಳು ಬಂದವು. ಎರಡೂ ಅಮೆರಿಕದ ಬಿಸಿನೆಸ್ ಶಾಲೆಗಳನ್ನು ಚೆನ್ನಾಗಿ ಬೈದವು. ಪಾಠ ತೆಳು, ವಿದ್ಯಾರ್ಥಿಗಳ ಮಟ್ಟ ಕಡಿಮೆ, ಸಂಶೋಧನೆ ದುರ್ಬಲ ಎಂಬುದು ದೂರು. ಅದರ ಪೆಟ್ಟಿಗೆ ಶಾಲೆಗಳು ಗಣಿತ, ಅಂಕಿಅಂಶ, ಅರ್ಥಶಾಸ್ತ್ರದ ಕಡೆ ತಿರುಗಿದವು. ಸ್ವಲ್ಪ ಕಾಲವಾದ ಮೇಲೆ ಉಲ್ಟಾ ದೂರು ಶುರುವಾಯಿತು. ಬರೀ ಸಿದ್ಧಾಂತ, ಕೆಲಸಕ್ಕೆ ಬರುವುದಿಲ್ಲ, ಜನರ ಜತೆ ಬೆರೆಯಲು ಬರುವುದಿಲ್ಲ ಅಂತ. ಮತ್ತೆ ನಾಯಕತ್ವ, ಸಂವಹನದ ಪೇಪರುಗಳು ಬಂದವು. ಈಗ ಪಠ್ಯಕ್ರಮ ಎರಡನ್ನೂ ಹೊತ್ತುಕೊಂಡಿದೆ. ಯಾವುದೂ ಆಳಕ್ಕೆ ಹೋಗುವುದಿಲ್ಲ.

ಕೆನಡಾದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಹೆನ್ರಿ ಮಿಂಟ್ಜ್‌ಬರ್ಗ್ ಬಹಳ ವರ್ಷಗಳಿಂದ ಹೇಳುತ್ತಿರುವ ಮಾತು ಬೇರೆಯೇ. ಅನುಭವ ಇಲ್ಲದವರಿಗೆ ಮ್ಯಾನೇಜ್‌ಮೆಂಟ್ ಕಲಿಸಲು ಆಗುವುದಿಲ್ಲ ಎನ್ನುತ್ತಾರೆ ಅವರು. ಅವರ ಟೀಕೆ ಮುಖ್ಯವಾಗಿ ಎಂಬಿಎ ಮೇಲೆ. ಆದರೆ 25 ವರ್ಷದವರ ವಿಷಯದಲ್ಲಿ ಅದು ನಿಜವಾದರೆ 18 ವರ್ಷದವರ ವಿಷಯದಲ್ಲಿ ಇನ್ನೂ ನಿಜ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಯಾರಿಗೂ ಸಂಬಳ ಕೊಟ್ಟಿಲ್ಲ, ಒಂದು ಮಾಲು ತಡವಾಗಿ ಬಂದು ಬೈಸಿಕೊಂಡಿಲ್ಲ. ಅಂಥವರಿಗೆ ದೊಡ್ಡ ಕಂಪನಿಯ ಸಿಇಒ ಜಾಗದಲ್ಲಿ ಕೂತು ತೀರ್ಮಾನ ಮಾಡು ಅಂತ ಕೇಸ್ ಸ್ಟಡಿ ಕೊಡುತ್ತೇವೆ. ಕೇಸ್‌ನಲ್ಲಿ ಬೇಕಾದ ಮಾಹಿತಿ ಎಲ್ಲ ಹದಿನೈದು ಪುಟದಲ್ಲಿ ಜೋಡಿಸಿಟ್ಟಿರುತ್ತದೆ. ಕೆಲಸದಲ್ಲಿ ಅರ್ಧ ಮಾಹಿತಿ ಯಾರ ಹತ್ತಿರ ಇದೆ ಎಂಬುದನ್ನು ಪತ್ತೆ ಹಚ್ಚುವುದೇ ದೊಡ್ಡ ಕೆಲಸ.

ಮಿಂಟ್ಜ್‌ಬರ್ಗ್ ಮಾತಿಗೆ ಉತ್ತರ ಬಿಬಿಎ ಮುಚ್ಚುವುದಲ್ಲ ಅನ್ನಿಸುತ್ತದೆ ನನಗೆ. 18ನೇ ವಯಸ್ಸಿನಲ್ಲಿ ಮ್ಯಾನೇಜರ್ ಆಗುವುದನ್ನು ಕಲಿಯಲಾಗದಿರಬಹುದು. ಬ್ಯಾಲೆನ್ಸ್ ಶೀಟ್ ಓದುವುದನ್ನು, ಒಂದು ಕರಾರನ್ನು ಬಿಡಿಸಿ ನೋಡುವುದನ್ನು, ಸಮೀಕ್ಷೆಯ ಅಂಕಿ ನಂಬಬಹುದೇ ಎಂದು ಕೇಳುವುದನ್ನು ಖಂಡಿತ ಕಲಿಯಬಹುದು. ಅದರ ಜತೆಗೆ ನಿಜವಾದ ಕೆಲಸದ ಜಾಗದಲ್ಲಿ ಕೆಲವು ತಿಂಗಳು. ಮೇಲೆ ಹೇಳಿದ 2024ರ ವರದಿಯಲ್ಲೇ, ಇಂಟರ್ನ್‌ಶಿಪ್ ಮಾಡಿದವರು ಪದವಿ ಬೇಡದ ಕೆಲಸದಲ್ಲಿ ಸಿಲುಕುವ ಸಂಭವ ಹತ್ತಿರಹತ್ತಿರ ಅರ್ಧದಷ್ಟು ಕಡಿಮೆ ಎಂದಿದೆ. ಇಲ್ಲೂ ಚುರುಕಾದವರಿಗೇ ಇಂಟರ್ನ್‌ಶಿಪ್ ಸಿಗುತ್ತದೆ ಎಂಬ ಅನುಮಾನ ಇಟ್ಟುಕೊಂಡೇ ಓದಬೇಕು.

ಎಐ ಬಂದ ಮೇಲೆ

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ ಕೊನೆಗೆ. 2023ರ ಜನವರಿಯಲ್ಲೇ ವಾರ್ಟನ್‌ನ ಪ್ರೊಫೆಸರ್ ಕ್ರಿಶ್ಚಿಯನ್ ಟೆರ್ವೀಶ್ ತಮ್ಮ ಎಂಬಿಎ ಆಪರೇಷನ್ಸ್ ಪರೀಕ್ಷೆಯನ್ನು ಅದಕ್ಕೆ ಕೊಟ್ಟು ನೋಡಿದರು. ಬಿ ಅಥವಾ ಬಿ ಮೈನಸ್ ಸಿಗಬಹುದಾದ ಉತ್ತರ ಬಂತು. ವಿವರಣೆ ಸೊಗಸಾಗಿತ್ತು. ಆದರೆ ಶಾಲೆ ಮಕ್ಕಳ ಮಟ್ಟದ ಸರಳ ಲೆಕ್ಕಗಳಲ್ಲಿ ಎಡವಿತ್ತು. ಆಗ ಬಹಳ ಜನ ‘ಲೆಕ್ಕ ಕಲಿತರೆ ಸಾಕು, ಯಂತ್ರ ನಮ್ಮ ಹತ್ತಿರ ಬರಲ್ಲ’ ಎಂದು ಸಮಾಧಾನಪಟ್ಟರು. ಆ ಸಮಾಧಾನ ಜಾಸ್ತಿ ದಿನ ಉಳಿಯಲಿಲ್ಲ. ಆಮೇಲೆ ಬಂದ ಎಐಗಳು ಲೆಕ್ಕದಲ್ಲೂ ಬಹಳ ಮುಂದೆ ಹೋದವು. ಯಂತ್ರಕ್ಕೆ ಬರುವುದಿಲ್ಲ ಎಂಬ ಕಾರಣಕ್ಕೆ ಅಕೌಂಟಿಂಗ್ ಓದು ಎಂದು ಈಗ ಯಾರಾದರೂ ಹೇಳಿದರೆ ನಂಬಬೇಡಿ.

ಓದಬೇಕಾದ ಕಾರಣ ಬೇರೆ ಇದೆ. 2023ರಲ್ಲಿ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಸಲಹೆಗಾರರ ಮೇಲೆ ಸಂಶೋಧಕರು ಪ್ರಯೋಗ ಮಾಡಿದರು. ಎಐಗೆ ಹೊಂದುವ ಕೆಲಸಗಳಲ್ಲಿ ಅದನ್ನು ಬಳಸಿದವರು ಶೇ 12ರಷ್ಟು ಜಾಸ್ತಿ ಕೆಲಸ ಮುಗಿಸಿದರು, ಶೇ 25ರಷ್ಟು ಬೇಗ ಮುಗಿಸಿದರು, ಗುಣಮಟ್ಟವೂ ಏರಿತು. ಇನ್ನೊಂದು ಗುಂಪಿನವರಿಗೆ ಬೇಕೆಂದೇ ಒಂದು ಕೊಂಕು ಇಟ್ಟ ಸಮಸ್ಯೆ ಕೊಟ್ಟರು. ಸ್ಪ್ರೆಡ್‌ಶೀಟಿನ ಅಂಕಿಗಳನ್ನು ಕಂಪನಿಯವರ ಸಂದರ್ಶನದ ಮಾತುಗಳ ಜತೆ ಹೋಲಿಸಿ ನೋಡಿದರೆ ಮಾತ್ರ ಸರಿ ಉತ್ತರ ಹೊಳೆಯುತ್ತಿತ್ತು. ಇಲ್ಲಿ ಎಐ ಬಳಸಿದವರು ಸರಿ ಉತ್ತರ ಕೊಟ್ಟ ಪ್ರಮಾಣ, ಬಳಸದವರಿಗಿಂತ 19 ಶೇಕಡಾ ಅಂಶಗಳಷ್ಟು ಕಡಿಮೆ ಇತ್ತು. ಎಐ ಕೊಟ್ಟ ಉತ್ತರ ನಯವಾಗಿತ್ತು, ತಪ್ಪಾಗಿತ್ತು. ಅನುಭವ ಇದ್ದವರೂ ಒಪ್ಪಿಕೊಂಡುಬಿಟ್ಟರು.

ಬಿಬಿಎ ವಿದ್ಯಾರ್ಥಿ ಕಲಿಯಬೇಕಾದ್ದು ಇದನ್ನೇ. ಉತ್ತರ ತಯಾರಿಸುವುದು ಅಗ್ಗವಾಗಿದೆ. ಎದುರಿಗಿರುವ ಉತ್ತರದಲ್ಲಿ ಎಲ್ಲಿ ಮೋಸವಿದೆ ಎಂದು ಹಿಡಿಯುವುದು ಅಗ್ಗವಾಗಿಲ್ಲ. ಹಿಡಿಯಬೇಕಾದರೆ ಒಮ್ಮೆಯಾದರೂ ಆ ಲೆಕ್ಕವನ್ನು ಕೈಯಾರೆ ಮಾಡಿರಬೇಕು. ಅಸೈನ್‌ಮೆಂಟನ್ನು ಎಐಗೆ ಕೊಟ್ಟು ಅಂಕ ತೆಗೆದುಕೊಂಡವನಿಗೆ ಅಂಕ ಸಿಕ್ಕಿರುತ್ತದೆ, ಈ ಸಾಮರ್ಥ್ಯ ಸಿಕ್ಕಿರುವುದಿಲ್ಲ. ಹಾಗಂತ ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಎಐ ಒಂದೇ ಏಟಿಗೆ ಬರೆದು ಮುಗಿಸುವಂಥ ಅಸೈನ್‌ಮೆಂಟ್ ಕೊಟ್ಟ ಕಾಲೇಜಿನದೂ ಅಷ್ಟೇ ಪಾಲಿದೆ.

ಕೆಲಸದ ಕಡೆಯಿಂದಲೂ ಒತ್ತಡ ಶುರುವಾಗಿದೆ. ಸ್ಟಾನ್‌ಫರ್ಡ್‌ನ ಎರಿಕ್ ಬ್ರಿನ್‌ಜಾಲ್ಫ್‌ಸನ್ ಮತ್ತು ಜತೆಗಾರರು 2025ರ ಆಗಸ್ಟಿನಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ಬಳಸಿ ಒಂದು ಅಧ್ಯಯನ ಹೊರತಂದರು. ಎಐ ಹೆಚ್ಚು ಮುಟ್ಟುವ ಉದ್ಯೋಗಗಳಲ್ಲಿ 22ರಿಂದ 25 ವರ್ಷದವರ ಸಂಖ್ಯೆ, ಬೇರೆಯವರಿಗೆ ಹೋಲಿಸಿದರೆ, ಶೇ 13ರಷ್ಟು ಕುಸಿದಿತ್ತು. ಅದೇ ಉದ್ಯೋಗಗಳಲ್ಲಿ ವಯಸ್ಸಾದವರು ಅಷ್ಟಾಗಿ ಅಲುಗಾಡಿರಲಿಲ್ಲ. ಕಾರಣದ ಬಗ್ಗೆ ಚರ್ಚೆ ಇನ್ನೂ ನಡೆಯುತ್ತಿದೆ. ಆದರೆ ಬಿಬಿಎ ಮುಗಿಸಿದವರಿಗೆ ಮೊದಲು ಸಿಗುತ್ತಿದ್ದ ಕೆಲಸಗಳನ್ನು ನೆನೆಸಿಕೊಳ್ಳಿ. ಸಭೆಯ ಟಿಪ್ಪಣಿ, ತಿಂಗಳ ವರದಿ, ಗ್ರಾಹಕರ ಪತ್ರಗಳಿಗೆ ಉತ್ತರ. ಎಐ ಮೊದಲು ಕೈಹಾಕಿದ್ದೇ ಅವಕ್ಕೆ. ಮಿಂಟ್ಜ್‌ಬರ್ಗ್ ಹೇಳುವ ಅನುಭವ ಸಿಗುತ್ತಿದ್ದದ್ದೂ ಅಲ್ಲೇ. ಆ ಕೆಲಸಗಳೇ ಕಡಿಮೆಯಾದರೆ ಮುಂದಿನ ಮ್ಯಾನೇಜರುಗಳು ಎಲ್ಲಿ ತಯಾರಾಗುತ್ತಾರೆ ಎಂಬ ಪ್ರಶ್ನೆಗೆ ಕಂಪನಿಗಳಾಗಲಿ ಕಾಲೇಜುಗಳಾಗಲಿ ಸರಿಯಾದ ಉತ್ತರ ಕೊಟ್ಟಿಲ್ಲ.

ಇದೆಲ್ಲ ವಿದ್ಯಾರ್ಥಿಗೆ ಆಗುವ ಲಾಭದ ಲೆಕ್ಕ. ಇವರು ಓದಿ ಹೋಗಿ ನಡೆಸುವ ಕಂಪನಿಯಲ್ಲಿ ದುಡಿಯುವವರ ಪಾಡೇನು? ಅರ್ಥಶಾಸ್ತ್ರಜ್ಞರಾದ ಡರಾನ್ ಅಸೆಮೊಗ್ಲು, ಅಲೆಕ್ಸ್ ಹಿ, ಡೇನಿಯಲ್ ಲೆ ಮೇರ್ 2022ರಲ್ಲಿ ಅಮೆರಿಕ ಮತ್ತು ಡೆನ್ಮಾರ್ಕ್ ಎರಡರ ದಾಖಲೆ ಹಿಡಿದು ಇದನ್ನು ನೋಡಿದರು. ಬಿಸಿನೆಸ್ ಪದವಿ ಪಡೆದವರು ಮುಖ್ಯಸ್ಥರಾಗಿ ಬಂದ ಐದು ವರ್ಷದೊಳಗೆ ಕೆಲಸಗಾರರ ಸಂಬಳ ಅಮೆರಿಕದಲ್ಲಿ ಶೇ 6, ಡೆನ್ಮಾರ್ಕಿನಲ್ಲಿ ಶೇ 3 ಇಳಿದಿತ್ತು. ಮಾರಾಟವಾಗಲಿ, ಉತ್ಪಾದಕತೆಯಾಗಲಿ, ಹೂಡಿಕೆಯಾಗಲಿ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಲಾಭದಲ್ಲಿ ದುಡಿದವರ ಪಾಲು ಕಡಿಮೆಯಾಗಿತ್ತು, ಅಷ್ಟೇ. ನೈತಿಕತೆ ಎಂಬ ಒಂದು ಪೇಪರ್ ಕೊನೆಯ ಸೆಮಿಸ್ಟರ್‌ನಲ್ಲಿ ಇಟ್ಟು ಇದನ್ನು ಸರಿಪಡಿಸಲು ಆಗುವುದಿಲ್ಲ. ಸಂಬಳವನ್ನು ಬರೀ ಖರ್ಚಿನ ಸಾಲಿನಲ್ಲಿ ಬರೆದು ಅಭ್ಯಾಸವಾದವನಿಗೆ ಅದು ಇಳಿಸಬೇಕಾದ ಅಂಕಿಯಾಗಿಯೇ ಕಾಣುತ್ತದೆ. ಇದನ್ನು ಅಕೌಂಟಿಂಗ್ ತರಗತಿಯಲ್ಲೇ ಮಾತಾಡಬೇಕು. ಲೆಕ್ಕದ ಪರ ಇಷ್ಟು ವಾದ ಮಾಡಿದ ಮೇಲೆ ಲೆಕ್ಕದ ಈ ಮುಖವನ್ನೂ ಹೇಳದಿದ್ದರೆ ನ್ಯಾಯವಲ್ಲ.

ಸೇರುವ ಯೋಚನೆ ಇರುವವರು ಕಾಲೇಜಿನ ಹೆಸರಿಗಿಂತ ಮೊದಲು ಪಠ್ಯಕ್ರಮದ ಪಟ್ಟಿ ತೆಗೆದು ನೋಡಿ. ಅಂಕಿಅಂಶ ಶಾಸ್ತ್ರ ಒಂದೇ ಸೆಮಿಸ್ಟರ್‌ಗೆ ಮುಗಿಯುತ್ತದಾ, ಅಥವಾ ಆಮೇಲೂ ಮಾರ್ಕೆಟಿಂಗ್, ಎಚ್‌ಆರ್ ಪೇಪರುಗಳಲ್ಲಿ ಅದನ್ನು ಬಳಸುತ್ತಾರಾ? ಫೈನಾನ್ಸ್ ಪರೀಕ್ಷೆಯಲ್ಲಿ ವ್ಯಾಖ್ಯಾನ ಕೇಳುತ್ತಾರಾ, ನಿಜವಾದ ಕಂಪನಿಯ ವಾರ್ಷಿಕ ವರದಿ ಎದುರಿಗಿಟ್ಟು ಪ್ರಶ್ನೆ ಕೇಳುತ್ತಾರಾ? ಇಂಟರ್ನ್‌ಶಿಪ್‌ಗೆ ಎಷ್ಟು ಅಂಕ, ಅದನ್ನು ಕಾಲೇಜು ಹುಡುಕಿ ಕೊಡುತ್ತದಾ, ನೀವೇ ಅಲೆಯಬೇಕಾ? ಈಗ ಕೊನೆಯ ವರ್ಷದಲ್ಲಿರುವ ಒಬ್ಬರನ್ನು ಹಿಡಿದು, ಎಐ ಇಲ್ಲದೆ ಕೂತು ಕೊನೆಯ ಬಾರಿ ಮಾಡಿದ ಕೆಲಸ ಯಾವುದು ಅಂತ ಕೇಳಿ. ಆಗಲೇ ಸೇರಿರುವವರು ಐಚ್ಛಿಕ ವಿಷಯ ಆರಿಸುವಾಗ ‘ಅದರಲ್ಲಿ ಎಲ್ಲರೂ ಪಾಸಾಗ್ತಾರೆ’ ಎಂಬ ಹೆಸರಿರುವ ಪೇಪರನ್ನು ಬಿಟ್ಟು, ಪಕ್ಕದ ವಿಭಾಗದಲ್ಲಿ ಡೇಟಾ ಅಥವಾ ಅರ್ಥಶಾಸ್ತ್ರದ ಪೇಪರ್ ತೆಗೆದುಕೊಳ್ಳಲು ಅವಕಾಶ ಇದೆಯಾ ಅಂತ ವಿಚಾರಿಸಿ. ಬಹಳ ಕಡೆ ನಿಯಮದಲ್ಲಿ ಅವಕಾಶ ಇರುತ್ತದೆ, ಕೇಳಲು ಹೋಗುವವರು ಕಡಿಮೆ.